ಚುರುಕು ಬುದ್ಧಿಯ ಮಗುವೂ ಹಿಂದುಳಿಯಬಹುದು

ತರಗತಿಯಲ್ಲಿ ಹಿಂದುಳಿದ ಮಗುವಿನ ಚಿಂತೆ ಉಪಾಧ್ಯಾಯರೆಲ್ಲರಿಗೂ ಉಂಟು. ಅದು ಯೋಗ್ಯವೂ ಹೌದು. ಆದರೆ ಪಾಠವನ್ನು ಒಮ್ಮೆಗೇ ಗ್ರಹಿಸುವ ಮಗುವಿನ ಗತಿಯೇನೆಂದು ನಾವು ಯೋಚಿಸುವುದು ವಿರಳ. ಕೊಟ್ಟ ಲೆಕ್ಕಗಳನ್ನು ಬೇಗನೆ ಮುಗಿಸಿ ಅದು ಕಿಟಕಿಯಾಚೆ ನೋಡುತ್ತ ಕೂಡುತ್ತದೆ, ಇಲ್ಲವೆ ನೆರೆಯವರನ್ನು ಕೆಣಕುತ್ತದೆ. ನಾವು ಅದನ್ನು ತುಂಟನೆಂದು ಗದರಿಸುತ್ತೇವೆ, ಇಲ್ಲವೆ ಅದೇ ಬಗೆಯ ಇನ್ನೂ ಹತ್ತು ಲೆಕ್ಕಗಳನ್ನು ಕೊಡುತ್ತೇವೆ. ಎರಡೂ ಶಿಕ್ಷೆಯೇ.

ಇಲ್ಲಿ ದೊಡ್ಡ ಹಾನಿ ಬೇಸರವಲ್ಲ. ಶ್ರಮವಿಲ್ಲದೆ ಎಲ್ಲವೂ ಬರುವ ಮಗು ಶ್ರಮಪಡುವುದನ್ನೇ ಕಲಿಯದು. ಮುಂದೆ ಕಠಿಣ ಪಾಠ ಎದುರಾದಾಗ ಅದು ಎದೆಗುಂದುತ್ತದೆ.

ವಿಜಯಪುರದಲ್ಲಿ 1963ರಲ್ಲಿ ಆರಂಭವಾದ ಸೈನಿಕ ಶಾಲೆಯಂಥ ಸಂಸ್ಥೆಗಳು ಪ್ರವೇಶ ಪರೀಕ್ಷೆಯ ಮೂಲಕ ಕೆಲವರನ್ನು ಆರಿಸಿಕೊಳ್ಳುತ್ತವೆ. ಉಳಿದ ಚುರುಕು ಮಕ್ಕಳು ನಮ್ಮ ತರಗತಿಯಲ್ಲಿಯೇ ಇದ್ದಾರೆ. ಅವರ ಹೊಣೆ ನಮ್ಮದು.

ಇದಕ್ಕೆ ಬೇರೆ ಪುಸ್ತಕ ಬೇಕಿಲ್ಲ. ಪಾಠ ಒಂದೇ ಇರಲಿ. ಪ್ರಶ್ನೆಯ ಆಳ ಬೇರೆಯಾಗಲಿ. ತಿಕೋಟಾ, ಬಬಲೇಶ್ವರ ಭಾಗದ ಮಕ್ಕಳಿಗೆ ದ್ರಾಕ್ಷಿಯ ತೋಟ ಪರಿಚಿತ. ಸುಮಾರು 4 ಕಿಲೋ ಹಸಿ ದ್ರಾಕ್ಷಿ ಒಣಗಿದರೆ 1 ಕಿಲೋ ಒಣದ್ರಾಕ್ಷಿಯಾಗುತ್ತದೆ. ಅನುಪಾತದ ಲೆಕ್ಕ ಎಲ್ಲರಿಗೂ ಇಷ್ಟೇ ಸಾಕು. ಬೇಗ ಮುಗಿಸಿದವರಿಗೆ, ಕೂಲಿ ಹಾಗೂ ಇತರ ವೆಚ್ಚವನ್ನು ಮನೆಯಲ್ಲಿ ಕೇಳಿ ಬಂದು, ಹಸಿಯಾಗಿ ಮಾರುವುದು ಲಾಭವೋ ಒಣಗಿಸಿ ಮಾರುವುದು ಲಾಭವೋ ತಿಳಿಸಲು ಹೇಳಬಹುದು. ನಗರದ ಮಕ್ಕಳಿಗೆ ಗೋಲಗುಮ್ಮಟವಿದೆ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ವರ್ತುಳ. ಚೌಕದ ಮೇಲೆ ವರ್ತುಳ ನಿಂತದ್ದು ಹೇಗೆ? ಅಲ್ಲಿನ ಕಮಾನುಗಳನ್ನು ನೋಡಿ ಚಿತ್ರ ಬರೆಯುವ ಮಗು ರೇಖಾಗಣಿತದ ರುಚಿಯನ್ನು ತಾನೇ ಕಾಣುತ್ತದೆ.

ಒಂದು ಎಚ್ಚರಿಕೆ: ಇಂಥ ಮಗುವನ್ನು ಸದಾ ಇತರರಿಗೆ ಹೇಳಿಕೊಡಲು ನಿಲ್ಲಿಸಬಾರದು. ಆಗಾಗ ಅದು ಹಿತಕರ. ನಿತ್ಯವಾದರೆ ಅದರ ಸ್ವಂತ ಕಲಿಕೆ ನಿಲ್ಲುತ್ತದೆ. ಉತ್ತರ ತಪ್ಪಿದಾಗ ನಗದೆ, ಮತ್ತೆ ಯತ್ನಿಸಲು ಅವಕಾಶ ಕೊಡಬೇಕು.

ಇಂದಿನ ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ 1940ರಲ್ಲಿ ಜನಿಸಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಚಿಕ್ಕ ವಯಸ್ಸಿನಲ್ಲಿಯೇ ಶ್ರೀ ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯರಾದರು. ಗುರುಗಳು ಅವರನ್ನು ತಮ್ಮ ಪ್ರವಚನಗಳಿಗಷ್ಟೇ ಸೀಮಿತಗೊಳಿಸದೆ ಉನ್ನತ ವ್ಯಾಸಂಗಕ್ಕೂ ಅನುವು ಮಾಡಿದರು. ಶಿಷ್ಯರು ತತ್ತ್ವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಶಿಷ್ಯನ ಶಕ್ತಿಯನ್ನರಿತು ಅದಕ್ಕೆ ತಕ್ಕ ಭಾರ ಹೊರಿಸುವುದೇ ಗುರುವಿನ ಕರ್ತವ್ಯ. ನಾಳೆ ಲೆಕ್ಕ ಮುಗಿಸಿ ಸುಮ್ಮನೆ ಕುಳಿತ ಮಗುವನ್ನು ಕಂಡಾಗ, ಅದಕ್ಕೆ ಯೋಗ್ಯವಾದ ಒಂದು ಪ್ರಶ್ನೆಯಾದರೂ ನಮ್ಮಲ್ಲಿ ಸಿದ್ಧವಿರಲಿ.