ಶಕ್ತಿತಸ್ತಪವೂ ಮಧುಮೇಹವೂ

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಷೋಡಶ ಭಾವನೆಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ತ್ಯಾಗ, ತಪಸ್ಸುಗಳಿಗೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಶಕ್ತಿಯನ್ನು ಮರೆಮಾಚಲೂಬಾರದು, ಮೀರಲೂಬಾರದು ಎಂಬುದು ತಾತ್ಪರ್ಯ. ಮಧುಮೇಹವುಳ್ಳ ಶ್ರಾವಕ-ಶ್ರಾವಿಕೆಯರು ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವಗಳಲ್ಲಿ ಮೊದಲು ನೆನೆಯಬೇಕಾದುದು ಇದನ್ನೇ.

ಈ ವಿಷಯದಲ್ಲಿ ದೇಹಶಕ್ತಿಯನ್ನು ಅರಿಯುವ ಸಾಧನ ರಕ್ತಪರೀಕ್ಷೆ. ರಾತ್ರಿಯ ನಿರಾಹಾರದ ಬಳಿಕ ಬೆಳಿಗ್ಗೆ ನೋಡಿದಾಗ 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಹಜ. 100ರಿಂದ 125ರವರೆಗೆ ಎಚ್ಚರಿಕೆಯ ಸ್ಥಿತಿ. 126 ಅಥವಾ ಹೆಚ್ಚೆಂದು ಮರುಪರೀಕ್ಷೆಯಲ್ಲೂ ಕಂಡರೆ ಮಧುಮೇಹ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ರೋಗವಿದೆ. 13 ಕೋಟಿಗೂ ಮಿಕ್ಕವರು ಎಚ್ಚರಿಕೆಯ ಸ್ಥಿತಿಯಲ್ಲಿದ್ದಾರೆ. ಮೂವತ್ತು ದಾಟಿದವರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬಹುದು. ಕಾರ್ಕಳ, ಕಾಪು ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯೂ ದೂರವಲ್ಲ.

ಬಾಹ್ಯ ತಪಸ್ಸು ಆರು ವಿಧ. ಮೊದಲನೆಯದು ಅನಶನ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ಸೇವಿಸುವವರು ನಿರಾಹಾರವಿದ್ದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಪರು ಉಂಟಾಗಿ ಪ್ರಜ್ಞೆಯೂ ತಪ್ಪಬಹುದು. ಆಗ ತಡಮಾಡದೆ ಸಕ್ಕರೆನೀರನ್ನು ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ರಾತ್ರಿಭೋಜನತ್ಯಾಗಿಗಳಿಗೆ ಸೂರ್ಯಾಸ್ತದಿಂದ ಮರುಬೆಳಗಿನವರೆಗಿನ ಅವಧಿಯೂ ದೀರ್ಘವೇ. ಆದುದರಿಂದ ಔಷಧದ ಪ್ರಮಾಣ, ವೇಳೆಗಳನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಬೇಕು. ವ್ರತ ಸ್ವೀಕರಿಸುವಾಗಲೇ ಗುರುಗಳಲ್ಲಿ ರೋಗದ ಸಂಗತಿಯನ್ನು ಅರಿಕೆಮಾಡಿ ಔಷಧಕ್ಕೆ ಅವಕಾಶ ಇರಿಸಿಕೊಳ್ಳಬೇಕು. ಮಾತ್ರೆಯನ್ನು ತಾವಾಗಿಯೇ ಬಿಡುವುದು ತಪಸ್ಸಲ್ಲ.

ಅನಶನ ಸಾಧ್ಯವಾಗದವರಿಗೆ ತಪಸ್ಸಿನ ಬಾಗಿಲು ಮುಚ್ಚಿಲ್ಲ. ಅವಮೋದರ್ಯವೆಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ಕುಚ್ಚಲಕ್ಕಿಯ ಅನ್ನವೂ ಅಳತೆ ಮೀರಿದರೆ ಸಕ್ಕರೆಯನ್ನು ಏರಿಸುತ್ತದೆ. ಒಂದು ಸೌಟು ಅನ್ನ ಕಳೆದು ಹೆಸರುಕಾಳು, ತೊಂಡೆ, ಹಾಗಲಗಳ ಪಲ್ಯವನ್ನು ಹೆಚ್ಚಿಸಬಹುದು. ರಸಪರಿತ್ಯಾಗದಲ್ಲಿ ಬೆಲ್ಲ-ಸಕ್ಕರೆಗಳನ್ನೂ ತುಪ್ಪವನ್ನೂ ಬಿಡಬಹುದು. ಏಕಾಶನದಲ್ಲಿ ಎರಡು ಹೊತ್ತಿನ ಊಟವನ್ನು ಒಮ್ಮೆಗೇ ಉಂಡರೆ, ಪಾರಣೆಯಲ್ಲಿ ಪಾಯಸ ಸುರಿದುಕೊಂಡರೆ, ದೇಹಕ್ಕೂ ಹಾನಿ, ವ್ರತಕ್ಕೂ ಕುಂದು.

ಇದರೊಂದಿಗೆ ದಿನಕ್ಕೆ ಅರ್ಧ ಗಂಟೆಯ ನಡಿಗೆ ಸೇರಬೇಕು. ಬಸದಿಗೆ ನಡೆದೇ ಹೋಗುವುದು ಸುಲಭೋಪಾಯ. ಎಚ್ಚರಿಕೆಯ ಸ್ಥಿತಿಯಲ್ಲಿದ್ದವರು ಆಹಾರದ ಮಿತಿ ಮತ್ತು ನಡಿಗೆಗಳನ್ನು ಪಾಲಿಸಿದಾಗ ಮಧುಮೇಹಕ್ಕೆ ಜಾರುವ ಸಂಭವ ಮೂರು ವರ್ಷಗಳಲ್ಲಿ ನಾಲ್ಕನೆಯ ಒಂದು ಪಾಲಿಗಿಂತಲೂ ಅಧಿಕವಾಗಿ ತಗ್ಗಿತೆಂದು ಚೆನ್ನೈಯ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ.

ಶರೀರವು ಧರ್ಮಸಾಧನೆಗೆ ದೊರೆತ ಉಪಕರಣ. ಅದರ ಬಲವನ್ನು ಅಳೆದು ವ್ರತವನ್ನು ಆರಿಸಿಕೊಳ್ಳುವುದೇ ವಿವೇಕ. ಮನೆಯ ಹಿರಿಯರು ನಿರಾಹಾರವನ್ನು ಬಿಟ್ಟು ಅವಮೋದರ್ಯವನ್ನು ಹಿಡಿದರೆ ಕಿರಿಯರು ಅದನ್ನು ದೌರ್ಬಲ್ಯವೆಂದು ಎಣಿಸದೆ ತಪಸ್ಸೆಂದೇ ಗೌರವಿಸಲಿ.