ಹೋದ ಬೆಟ್ಟಕ್ಕೇ ಮತ್ತೆ ಹೋಗು

ನಿನಗೆ ಕೈಯಿದೆ ಮಗೂ, ಅದರಲ್ಲಿ ಎರಡು ಮಾತಿಲ್ಲ. ಕಾಲು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಮೊನ್ನೆ ಐದು ಬೆಟ್ಟ ಬರೆದು ತಂದೆಯಲ್ಲ, ಐದಕ್ಕೂ ಒಂದೇ ಮುಖ! ಮುನಿಸಿಕೊಳ್ಳಬೇಡ, ಇನ್ನೂ ಬೈಯಲು ಶುರು ಮಾಡಿಲ್ಲ.

ಜೆ.ಇ.ಎಚ್. ಮ್ಯಾಕ್‌ಡೊನಾಲ್ಡ್ ಹೆಸರು ಕೇಳಿದ್ದೀಯಾ? ಇಂಗ್ಲೆಂಡಿನಲ್ಲಿ ಹುಟ್ಟಿ ಹದಿಹರೆಯದಲ್ಲಿ ಕೆನಡಾಕ್ಕೆ ಬಂದವನು, ‘ಗ್ರೂಪ್ ಆಫ್ ಸೆವೆನ್’ ಬಳಗದ ಚಿತ್ರಕಾರ. ಅವನೂ ಸುತ್ತಿದವನೇ. 1918ರಲ್ಲಿ ಗೂಡ್ಸ್ ರೈಲಿನ ಡಬ್ಬಿಯಲ್ಲೇ ಒಲೆ, ಮಂಚ ಹಾಕಿಸಿಕೊಂಡು, ಗೆಳೆಯರ ಜೊತೆ ಅಲ್ಗೋಮಾ ಕಾಡಿನ ಶರತ್ಕಾಲ ಬರೆಯಲು ಹೊರಟ ಆಸಾಮಿ. ಅಂಥವನು 1924ರಲ್ಲಿ ರಾಕಿ ಪರ್ವತಗಳ ನಡುವಿನ ಓಹಾರಾ ಸರೋವರ ಕಂಡ. ಆಮೇಲೆ 1930ರವರೆಗೆ ವರ್ಷ ವರ್ಷವೂ ಅಲ್ಲಿಗೇ ಹೋದ. ಅದೇ ನೀರು, ಅದೇ ಬಂಡೆ. ಬೇಜಾರಾಗಲಿಲ್ಲವೇ ಅಂತೀಯಾ? ಅಲ್ಲಿ ಲಾರ್ಚ್ ಅಂತ ಒಂದು ಮರವಿದೆ. ಪೈನ್ ಮರದ ಬಳಗದ್ದೇ, ಆದರೂ ಸೆಪ್ಟೆಂಬರ್‌ನಲ್ಲಿ ಅದರ ಸೂಜಿ ಎಲೆಗಳು ಬಂಗಾರದ ಬಣ್ಣಕ್ಕೆ ತಿರುಗಿ ಉದುರಿಹೋಗುತ್ತವೆ. ಆ ಬಣ್ಣ ನಿಲ್ಲುವುದು ಕೆಲವೇ ದಿನ. ಯಾವ ಇಳಿಜಾರಿನಲ್ಲಿ ಮರವಿದೆ, ಅದಕ್ಕೆ ಬಿಸಿಲು ಯಾವ ಹೊತ್ತಿಗೆ ತಾಗುತ್ತದೆ ಅನ್ನುವುದು ಮೊದಲೇ ಗೊತ್ತಿದ್ದವನಿಗಷ್ಟೇ ಅದು ಸಿಕ್ಕೀತು.

ಅವನು ಹೊತ್ತೊಯ್ಯುತ್ತಿದ್ದ ಹಲಗೆ ಸುಮಾರು 21 ಸೆಂ.ಮೀ. ಎತ್ತರ, 26 ಸೆಂ.ಮೀ. ಅಗಲ, ಅಷ್ಟೇ. ನಿನ್ನ ಕ್ಯಾನ್ವಾಸು ಹೊರಲು ಒಬ್ಬ ಆಳು ಬೇಕು! ಹಲಗೆ ಚಿಕ್ಕದಿದ್ದರೆ ಎಲೆ ಎಣಿಸುವ ಚಪಲ ತಾನಾಗಿ ಬಿಟ್ಟುಹೋಗುತ್ತದೆ.

ಇನ್ನು ನಿನ್ನ ಹಳದಿ. ಟ್ಯೂಬು ಪೂರ್ತಿ ಹಿಂಡಿದರೆ ಮರ ಹೊಳೆಯುವುದಿಲ್ಲ. ಹಿಂದಿನ ಬಂಡೆಯನ್ನು ನೀಲಿ-ನೇರಳೆಗೆ ಇಳಿಸಿ ನೋಡು, ಅದೇ ಹಳದಿ ಎದ್ದು ಬರುತ್ತದೆ. ದೂರದ ಬೆಟ್ಟ ನುಣ್ಣಗೆ ಅಂದವನು ಚಿತ್ರ ಬರೆಯುವವನೇ ಇರಬೇಕು. ನಡುವೆ ಅಷ್ಟು ಗಾಳಿಯಿದ್ದರೆ ಕಪ್ಪೂ ನೀಲಿಗೆ ತಿರುಗುತ್ತದೆ, ಅಂಚು ಮಾಸುತ್ತದೆ. ನೀನೋ, ಹತ್ತು ಮೈಲಿ ಆಚೆಯ ಬಿರುಕಿಗೂ ಕಪ್ಪು ಗೆರೆ ಎಳೆಯುವ ಧೀರ! ನೆರಳು ಎಲ್ಲಿದೆ ಅಂತ ಕೂತ ಕೂಡಲೇ ಗುರುತು ಹಾಕಿಬಿಡು, ಆಮೇಲೆ ಅದನ್ನು ಮುಟ್ಟಬೇಡ. ಸರಿಯುವ ಬಿಸಿಲಿನ ಹಿಂದೆ ಓಡಿದರೆ ಬೆಳಗೂ ಸಂಜೆಯೂ ಒಂದೇ ಹಲಗೆಯಲ್ಲಿ ಜಗಳಕ್ಕೆ ಬೀಳುತ್ತವೆ.

ಹನಿ ಬಿತ್ತು ಅಂತ ಗಂಟುಮೂಟೆ ಕಟ್ಟುವುದನ್ನೂ ಬಿಡು. ಓಹಾರಾಕ್ಕೆ ಮೊದಲ ಸಲ ಹೋದ ವರ್ಷವೇ ಮ್ಯಾಕ್‌ಡೊನಾಲ್ಡ್ ಬರೆದ ದೊಡ್ಡ ಚಿತ್ರದ ಹೆಸರೇ ‘ರೇನ್ ಇನ್ ದ ಮೌಂಟನ್ಸ್’. ಕೊಡೆ ತೆಗೆದುಕೊಂಡು ಹೋಗು.

ಡಿಸೆಂಬರಿಗೆ ಯಾವುದೋ ಹೊಸ ಘಟ್ಟದ ಹೆಸರು ಹೇಳುತ್ತಿದ್ದೆಯಲ್ಲ? ಟಿಕೆಟ್ ರದ್ದು ಮಾಡಿಸು. ಮೊನ್ನೆಯ ಐದರಲ್ಲಿ ಎರಡನೆಯದು ಪರವಾಗಿಲ್ಲ, ಆ ಬೆಟ್ಟಕ್ಕೇ ಹೋಗಿ ಒಂದು ವಾರ ಕೂತು ಬಾ.