ಐರ್ಲೆಂಡಿನ ಚುನಾವಣಾ ಕರಪತ್ರ ಕೂಡಿಡುವವರಿಗೆ ಕಿವಿಮಾತು

ಐರ್ಲೆಂಡಿನಲ್ಲಿ ಚುನಾವಣೆ ಬಂತೆಂದರೆ ಮುಂಬಾಗಿಲ ಅಂಚೆಕಿಂಡಿಯಿಂದ ಕರಪತ್ರಗಳು ದಬದಬ ಬೀಳುತ್ತವೆ. ಅಲ್ಲಿನ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಪೌರತ್ವವೇ ಬೇಕಿಲ್ಲ, ಅಲ್ಲಿ ವಾಸವಿದ್ದು ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಹಾಗಾಗಿ ಡಬ್ಲಿನ್ನಿನಲ್ಲಿ, ಕಾರ್ಕಿನಲ್ಲಿ ಮನೆ ಮಾಡಿರುವ ನಮ್ಮ ಮಕ್ಕಳ ಬಾಗಿಲನ್ನೂ ಅಭ್ಯರ್ಥಿಗಳು ಬಂದು ತಟ್ಟುತ್ತಾರೆ. ಕೊಟ್ಟ ಕಾಗದವನ್ನು ಕಸದ ಬುಟ್ಟಿಗೆ ಹಾಕದೆ ತೆಗೆದಿಡುವ ಬುದ್ಧಿ ನಿಮಗೆ ಬಂದಿದೆಯಲ್ಲ, ಸಂತೋಷ. ಆದರೆ ತೆಗೆದಿಟ್ಟದ್ದು ಇಪ್ಪತ್ತು ವರ್ಷದ ಮೇಲೂ ಕೈಗೆ ಸಿಗಬೇಕು, ಸಿಕ್ಕಾಗ ಅದೇನೆಂದು ತಿಳಿಯಬೇಕು. ಅದಕ್ಕೇ ಈ ನಾಲ್ಕು ಮಾತು.

• ಕೈಗೆ ಬಂದ ದಿನವೇ ಹಿಂಬದಿಯ ಮೂಲೆಯಲ್ಲಿ ಬರೆದುಬಿಡಿ: ತಾರೀಖು, ಊರು, ಕ್ಷೇತ್ರ, ಯಾವ ಚುನಾವಣೆ, ಅಂಚೆಯಲ್ಲಿ ಬಂತೋ ಬಾಗಿಲಿಗೆ ಬಂದವರು ಕೊಟ್ಟರೋ. ಮೆತ್ತನೆಯ ಪೆನ್ಸಿಲಿನಲ್ಲೇ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಯಲ್ಲಿ ಮೂಡುತ್ತದೆ. ನುಣುಪು ಕಾಗದಕ್ಕೆ ಪೆನ್ಸಿಲ್ ಹತ್ತದಿದ್ದರೆ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ. “ನೆನಪಿರುತ್ತೆ ಬಿಡಿ” ಅನ್ನಬೇಡಿ. ಇರುವುದಿಲ್ಲ.

• ಹಳೆಯ ಕರಪತ್ರ ಸಿಕ್ಕರೆ ಮೊದಲು ಇಸವಿ ಹುಡುಕಿ, ಏಕೆಂದರೆ ಬಹಳಷ್ಟರಲ್ಲಿ ಅದು ಇರುವುದೇ ಇಲ್ಲ. “ಗುರುವಾರ ಮತ ಹಾಕಿ” ಎಂದಷ್ಟೇ ಇರುತ್ತದೆ. ಯಾವ ಗುರುವಾರ? 1981ರ ಜೂನ್ 11, 1982ರ ಫೆಬ್ರುವರಿ 18, ಅದೇ ವರ್ಷ ನವೆಂಬರ್ 24 — ಒಂದೂವರೆ ವರ್ಷದೊಳಗೆ ಅಲ್ಲಿ ಮೂರು ಸಾರ್ವತ್ರಿಕ ಚುನಾವಣೆ ನಡೆದುಹೋದವು. ಮೂರರಲ್ಲೂ ಎದುರುಬದುರು ನಿಂತ ಪಕ್ಷನಾಯಕರು ಅದೇ ಚಾರ್ಲ್ಸ್ ಹಾಹಿ, ಅದೇ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್. ಮೊದಲೆರಡು ಗುರುವಾರ, ಕೊನೆಯದು ಬುಧವಾರ. ಅಷ್ಟು ಗೊತ್ತಿದ್ದರೆ ಒಂದನ್ನು ಬೇರೆ ಮಾಡಬಹುದು. ಮಕ್ಕಳ ಬೂಟಿನ ತೆರಿಗೆಯ ಮಾತು ಬಂದರೆ ಹೆಚ್ಚುಕಡಿಮೆ ಫೆಬ್ರುವರಿಯದೇ. ಆ ಸಲ ಸರ್ಕಾರ ಬಿದ್ದದ್ದೇ ಬಜೆಟ್ಟಿನಲ್ಲಿ ಮಕ್ಕಳ ಬಟ್ಟೆ-ಬೂಟಿಗೆ ತೆರಿಗೆ ಹಾಕಲು ಹೋಗಿ. ತಾಯಂದಿರನ್ನು ಕೆಣಕಿ ಯಾವ ಸರ್ಕಾರ ಉಳಿದೀತು ಹೇಳಿ.

• ದುಡ್ಡಿನ ಲೆಕ್ಕವನ್ನೂ ನೋಡಿ. ಷಿಲಿಂಗ್ ಲೆಕ್ಕವಿದ್ದರೆ 1971ಕ್ಕೆ ಹಿಂದಿನದು, ಪೌಂಡ್ ಇದ್ದರೆ ಯೂರೋ ನೋಟು ಬಂದ 2002ಕ್ಕೆ ಹಿಂದಿನದು. ವಿಳಾಸದಲ್ಲಿ ಏರ್‌ಕೋಡ್ ಎಂಬ ಅಂಚೆ ಸಂಕೇತ ಇದ್ದರೆ 2015ರ ಈಚಿನದು.

• ಅಂಚು ಕತ್ತರಿಸಿ ಅಂದ ಮಾಡಬೇಡಿ. ಆಲ್ಬಮ್ಮಿಗೆ ಹಿಡಿಸಲಿ ಎಂದು ಕತ್ತರಿ ಹಿಡಿಯುತ್ತೀರಿ, ಕೆಳಗಿನ ಇರುವೆಯಷ್ಟು ಅಕ್ಷರದ ಸಾಲು ಹಾರಿಹೋಗುತ್ತದೆ. ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಹಾಕಲೇಬೇಕೆಂದು ಅಲ್ಲಿನ 1992ರ ಚುನಾವಣಾ ಕಾಯ್ದೆ ಹೇಳುತ್ತದೆ. ಪತ್ರ ಯಾವ ಊರಿನದು, ಯಾರ ದುಡ್ಡಿನದು ಎಂದು ತಿಳಿಯುವುದು ಆ ಸಾಲಿನಿಂದಲೇ.

• ಒಂದೇ ಥರ ಕಾಣುವ ಎರಡು ಪತ್ರ ಸಿಕ್ಕರೆ ಒಂದನ್ನು ಎಸೆಯುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ 1, 2, 3 ಎಂದು ಪ್ರಾಶಸ್ತ್ಯ ಬರೆಯುವುದು ಗೊತ್ತೇ ಇದೆ. ಐರ್ಲೆಂಡಿನವರು ಮತ ಹಾಕುವುದೂ ಹಾಗೆಯೇ. ಅವರ ಸಂಸತ್ತಿನ ಕೆಳಮನೆಗೆ ಒಂದೊಂದು ಕ್ಷೇತ್ರದಿಂದ ಈಗ 3, 4 ಅಥವಾ 5 ಮಂದಿ ಆರಿಸಿ ಬರುತ್ತಾರೆ. ಅದರಿಂದ ದೊಡ್ಡ ಪಕ್ಷವೊಂದರಿಂದಲೇ ಇಬ್ಬರು ಮೂವರು ನಿಂತಿರುತ್ತಾರೆ. ಪಕ್ಷದವರು ಕ್ಷೇತ್ರವನ್ನೇ ಹೋಳು ಮಾಡಿ, ಈ ಬಡಾವಣೆಯಲ್ಲಿ “ಇವರಿಗೆ 1, ಅವರಿಗೆ 2” ಎಂದೂ, ಹೊಳೆಯಾಚೆ ಅದನ್ನೇ ತಿರುವುಮುರುವಾಗಿಯೂ ಅಚ್ಚು ಹಾಕಿಸುತ್ತಾರೆ. ಫೋಟೊ ಅದೇ, ಬಣ್ಣ ಅದೇ, ಅಂಕಿ ಮಾತ್ರ ಬೇರೆ. ಎರಡೂ ಕೈಯಲ್ಲಿದ್ದರೇ ಅವರ ಲೆಕ್ಕಾಚಾರ ಅರ್ಥವಾಗುವುದು. ಆಚೆ ಬಡಾವಣೆಯಲ್ಲಿ ಸ್ನೇಹಿತರಿದ್ದರೆ ಅವರ ಮನೆಗೆ ಬಿದ್ದ ಪತ್ರಗಳನ್ನೂ ತೆಗೆದಿಡಲು ಹೇಳಿ. ಪಕ್ಷ ಹಾಕಿದ ಗೆರೆ ದಾಟಿ ಇನ್ನೊಬ್ಬರ ಬಡಾವಣೆಯಲ್ಲಿ ಹಂಚಿದ ಪತ್ರ ಸಿಕ್ಕಿತೋ, ಜೋಪಾನ. ಒಂದೇ ಪಕ್ಷದೊಳಗಿನ ಜಗಳ ಕಾಗದದ ಮೇಲೆ ಬರುವುದು ಅಪರೂಪ.

• ಲಕೋಟೆ ಎಸೆಯಬೇಡಿ. ಸಾರ್ವತ್ರಿಕ ಚುನಾವಣೆಯಲ್ಲಿ ಅಭ್ಯರ್ಥಿಯ ಒಂದು ಪತ್ರವನ್ನು ಅಂಚೆಯವರು ಕಾಸು ಕೇಳದೆ ತಲುಪಿಸುತ್ತಾರೆ. ಅದು ಚುನಾವಣಾ ಪತ್ರವೆಂದು ಐರಿಷ್ ಭಾಷೆಯಲ್ಲಿ ಅಚ್ಚಾಗಿರುತ್ತದೆ. ಸ್ಥಳೀಯ ಚುನಾವಣೆಗೆ ಆ ಸೌಲಭ್ಯವಿಲ್ಲ, ಹೆಚ್ಚಿನವು ಕೈಯಿಂದ ಹಂಚಿದವು. “ಬಂದಿದ್ದೆ, ನೀವು ಮನೆಯಲ್ಲಿರಲಿಲ್ಲ” ಎಂದು ಬಾಗಿಲಲ್ಲಿ ಸಿಕ್ಕಿಸಿ ಹೋಗುವ ಪುಟ್ಟ ಕಾರ್ಡುಗಳೂ ಅಂಥವೇ. ಅವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ, ನೀವು ಇಟ್ಟುಕೊಳ್ಳಿ.

• ಗೆದ್ದವರದಷ್ಟೇ ಕೂಡಿಡಬೇಡಿ. ಗೆದ್ದವರದನ್ನು ಊರೆಲ್ಲ ಇಟ್ಟಿರುತ್ತದೆ. ಠೇವಣಿ ಕಳಕೊಂಡ ಪಕ್ಷೇತರನದು, ಮುಚ್ಚಿಹೋದ ಪಕ್ಷದ್ದು ಮೊದಲು ತೆಗೆದಿಡಿ. 1939ರಲ್ಲಿ ಹುಟ್ಟಿ 1965ರಲ್ಲಿ ಮುಗಿದ ರೈತರ ಪಕ್ಷ ಕ್ಲಾನ್ ನಾ ತಲೂನ್, 1985ರಿಂದ 2009ರವರೆಗೆ ಇದ್ದ ಪ್ರೋಗ್ರೆಸಿವ್ ಡೆಮೋಕ್ರಾಟ್ಸ್, ಉತ್ತರ ಐರ್ಲೆಂಡಿನ ವಿಮೆನ್ಸ್ ಕೊಯಲಿಷನ್. ಇನ್ನು ಇವರ ಹೊಸ ಪತ್ರ ಬರುವುದಿಲ್ಲವಲ್ಲ.

• ಹೆಸರು ನೋಡಿ ಒಂದೇ ಫೈಲಿಗೆ ತುರುಕಬೇಡಿ. ಶಿನ್ ಫೇನ್ ಎಂಬ ಹೆಸರಿನಲ್ಲಿ ಒಂದಲ್ಲ, ಹಲವು ಬಣಗಳು ಬಂದುಹೋಗಿವೆ. ಅದರಲ್ಲೊಂದು ಬಣ 1977ರಲ್ಲಿ ‘ಶಿನ್ ಫೇನ್ ದಿ ವರ್ಕರ್ಸ್ ಪಾರ್ಟಿ’ ಆಯಿತು, 1982ರಲ್ಲಿ ಬರೀ ವರ್ಕರ್ಸ್ ಪಾರ್ಟಿ. ಫೈಲಿನ ಮೇಲೆ ಪಕ್ಷದ ಜೊತೆ ಇಸವಿಯನ್ನೂ ಬರೆದರೆ ಗೊಂದಲವಿಲ್ಲ.

• ಭರವಸೆ ಪಟ್ಟಿ ಮಾಡಿದ ಪತ್ರಗಳನ್ನು ಬೇರೆ ಇಡಿ, ಆಮೇಲೆ ಓದಲು ಚೆನ್ನ. 1977ರಲ್ಲಿ ಫಿಯಾನಾ ಫಾಲ್ ಪಕ್ಷ ಮನೆ ತೆರಿಗೆ ರದ್ದು, ಕಾರು ತೆರಿಗೆ ರದ್ದು, ಮೊದಲ ಮನೆ ಕೊಳ್ಳುವವರಿಗೆ ಸಾವಿರ ಪೌಂಡ್ ಎಂದು ಹೇಳಿ 148ರಲ್ಲಿ 84 ಸ್ಥಾನ ಬಾಚಿಕೊಂಡಿತು. ಅದೇ ಪಕ್ಷ 1987ರಲ್ಲಿ, ಆರೋಗ್ಯ ಖರ್ಚಿನ ಕಡಿತದಿಂದ ನೋಯುವವರು ಮುದುಕರು, ರೋಗಿಗಳು, ಅಂಗವಿಕಲರು ಎಂದು ಪೋಸ್ಟರ್ ಹಾಕಿ ಅಧಿಕಾರಕ್ಕೆ ಬಂದು, ತಾನೇ ಕಡಿತ ಮಾಡಿತು. ಆ ಪೋಸ್ಟರನ್ನು ಜನ ಇನ್ನೂ ಎತ್ತಾಡುತ್ತಾರೆ.

• ಜನಮತ ಸಂಗ್ರಹದ ಪತ್ರಗಳಲ್ಲಿ ನಿಮಗೆ ಹಿಡಿಸದ ಪಕ್ಕದ್ದನ್ನೂ ಇಡಿ. 1995ರ ವಿಚ್ಛೇದನ, 2015ರ ಸಲಿಂಗ ವಿವಾಹ, 2018ರ ಗರ್ಭಪಾತ, ಮೂರರಲ್ಲೂ ‘ಹೌದು’, ‘ಬೇಡ’ ಎರಡೂ ಕಡೆಯವರು ಕಂಬಕಂಬಕ್ಕೂ ಪೋಸ್ಟರ್ ಕಟ್ಟಿದ್ದರು. ಸಿಟ್ಟಿನಲ್ಲಿ ಹರಿದು ಹಾಕಿದರೆ ನಿಮ್ಮ ಡಬ್ಬದಲ್ಲಿ ಅರ್ಧ ಕಥೆ ಉಳಿಯುತ್ತದೆ.

• ಸೆಲ್ಲೊಟೇಪ್ ಬೇಡ. ಹಳದಿಯಾಗಿ, ಅಂಟು ಕಾಗದಕ್ಕಿಳಿದು, ಕಲೆ ಅಲ್ಲೇ ನಿಲ್ಲುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಮಾಡಿದ ಮೇಲೆ ಬಿಡಿಸಲಾಗದು. ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ, ಪಿನ್ನು ತುಕ್ಕು ಹಿಡಿಯುತ್ತದೆ, ಅದರಲ್ಲೂ ಆ ದೇಶದ ತೇವಕ್ಕೆ. ಅಗ್ಗದ ಪಿವಿಸಿ ಕವರು ಶಾಯಿಯನ್ನೇ ಎತ್ತಿಕೊಳ್ಳುತ್ತದೆ. ಒಂದೆರಡು ಯೂರೋ ಹೆಚ್ಚಾದರೂ ಪಾಲಿಯೆಸ್ಟರ್ ಕವರು ತನ್ನಿ. ಎಲ್ಲಕ್ಕೂ ಕವರು ತರಲು ದುಡ್ಡಿಲ್ಲವೇ? ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ ಮಡಿಕೆ ಬಿಡಿಸಿ ಚಪ್ಪಟೆ ಮಲಗಿಸಿ, ಅದೂ ಸಾಕು.

• ಅಟ್ಟದ ಮೇಲೂ ಬೇಡ, ಗ್ಯಾರೇಜಿನಲ್ಲೂ ಬೇಡ. ಈಗಿನ ಹೊಳೆಯುವ ಕರಪತ್ರಗಳು ತೇವ ತಾಕಿದರೆ ಒದ್ದೆ ಹಪ್ಪಳದಂತೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮಲಗುವ ಕೋಣೆಯ ಕಪಾಟು ಒಳ್ಳೆಯದು, ಹೊರಗೋಡೆಗೆ ತಾಗದಂತೆ ಇಡಿ. ಚೌಕಟ್ಟು ಹಾಕಿ ಕಿಟಕಿಯೆದುರು ತೂಗಬೇಡಿ, ಬಿಸಿಲಿಗೆ ಬಣ್ಣ ಹೋಗುತ್ತದೆ.

• ಕಂಬದ ಪೋಸ್ಟರಿಗೆ ಆಸೆಪಟ್ಟು ಮತದಾನಕ್ಕೆ ಮೊದಲೇ ಕೈಹಾಕಬೇಡಿ, ಅದು ಅಭ್ಯರ್ಥಿಗಳ ಸ್ವತ್ತು. ಮತದಾನವಾದ 7 ದಿನದೊಳಗೆ ಅವರೇ ತೆಗೆಯಬೇಕು, ಇಲ್ಲವಾದರೆ ದಂಡ. ಏಣಿ ಹೊತ್ತು ಬಂದವರನ್ನು ಬಾಯಿಬಿಟ್ಟು ಕೇಳಿ, ಹೊರೆ ಇಳಿಯಿತೆಂದು ಕೊಟ್ಟೇ ಕೊಡುತ್ತಾರೆ. ಪ್ಲಾಸ್ಟಿಕ್ ಕಟ್ಟನ್ನು ಎಳೆಯದೆ ಕತ್ತರಿಸಿ, ಎಳೆದರೆ ತೂತು ಹರಿಯುತ್ತದೆ.

• ಎಣಿಕೆಯ ದಿನ ಹೋಗುವ ಅವಕಾಶ ಸಿಕ್ಕರೆ ಟ್ಯಾಲಿ ಹಾಳೆ ಕೇಳಿ ನೋಡಿ. ಪೆಟ್ಟಿಗೆ ತೆರೆದು ಮತಪತ್ರ ಬಿಡಿಸುವಾಗ ಪಕ್ಷಗಳವರು ಕಟಕಟೆಗೆ ಒರಗಿ, ಮೊದಲ ಪ್ರಾಶಸ್ತ್ಯ ಯಾರಿಗೆಂದು ಕಣ್ಣಲ್ಲೇ ಓದಿ ಗೀಟು ಹಾಕುತ್ತಾ ಹೋಗುತ್ತಾರೆ, ಯಾವ ಮತಗಟ್ಟೆಯಲ್ಲಿ ಯಾರಿಗೆಷ್ಟು ಎಂದು ಅಧಿಕೃತ ಲೆಕ್ಕಕ್ಕೆ ಮೊದಲೇ ಹೇಳುತ್ತಾರೆ. ಸಂಜೆಗೆ ಆ ಹಾಳೆಗಳು ನೆಲದ ಮೇಲೆ. ಮತಪತ್ರವನ್ನು ಮಾತ್ರ ನೆನಪಿಗೆಂದೂ ಮತಗಟ್ಟೆಯಿಂದ ಹೊರಗೆ ತರಬೇಡಿ, ಅದು ಅಪರಾಧ. ಅಲ್ಲಿ ಈಗಲೂ ಕಾಗದದ ಮತವೇ. ಐದು ಕೋಟಿ ಯೂರೋಗೂ ಹೆಚ್ಚು ಸುರಿದು ಮತಯಂತ್ರ ತಂದು, 2002ರಲ್ಲಿ ಮೂರು ಕ್ಷೇತ್ರಗಳಲ್ಲಿ ಪರೀಕ್ಷಿಸಿ, ನಂಬಿಕೆ ಬರದೆ 2012ರಲ್ಲಿ ಗುಜರಿಗೆ ಹಾಕಿದರು. ದುಂದು ಅಂದರೆ ಅದು.

• ಬ್ಯಾಡ್ಜುಗಳನ್ನು ಕರಪತ್ರದ ಜೊತೆ ಇಡಬೇಡಿ, ಸೂಜಿ ಚುಚ್ಚುತ್ತದೆ, ತುಕ್ಕು ಇಳಿಯುತ್ತದೆ. ಬೇರೆ ಪೊಟ್ಟಣ ಮಾಡಿ.

• ತುಂಬ ಹಳೆಯದೆಂದು ಯಾರಾದರೂ ಮಾರಲು ಬಂದರೆ ಪರ್ಸು ತೆಗೆಯುವ ಮುನ್ನ ಕಾಗದ ಮುಟ್ಟಿ ನೋಡಿ. 1917ರ ದಕ್ಷಿಣ ಲಾಂಗ್‌ಫರ್ಡ್ ಉಪಚುನಾವಣೆಯಲ್ಲಿ, ಜೈಲಿನಲ್ಲಿದ್ದ ಜೋ ಮೆಕ್‌ಗಿನ್ನಿಸ್‌ಗೆ ಮತ ಹಾಕಿ ಬಿಡಿಸಿಕೊಳ್ಳಿ ಎಂದು ಕೈದಿಯ ಚಿತ್ರದ ಪೋಸ್ಟರ್ ಬಂದಿತ್ತು. ಆತ ಗೆದ್ದದ್ದು 37 ಮತದಿಂದ. ಅಂಥ ಹೆಸರಾಂತ ಪೋಸ್ಟರುಗಳ ಮರುಮುದ್ರಣ ಅಂಗಡಿಗಳಲ್ಲಿ ಬೇಕಾದಷ್ಟು. ಬೆಳ್ಳಗೆ ಹೊಳೆಯುವ ಕಾಗದದಲ್ಲಿ ನೂರು ವರ್ಷದ ಪೋಸ್ಟರ್ ಇರುವುದಿಲ್ಲ. ಚಹದ ಬಣ್ಣ ಬಳಿದು ಹಳತು ಮಾಡಿದ್ದಾರೋ ಎಂದು ಅಂಚನ್ನೂ ನೋಡಿ.

• ಎರಡೆರಡು ಪ್ರತಿ ಇದ್ದರೆ ಒಂದನ್ನು ಗ್ರಂಥಾಲಯಕ್ಕೆ ಕೊಡಿ. 1968ರಲ್ಲಿ ಬೆಲ್‌ಫಾಸ್ಟಿನ ಲಿನೆನ್ ಹಾಲ್ ಗ್ರಂಥಾಲಯದ ಜಿಮ್ಮಿ ವಿಟ್ಟಿಯವರ ಕೈಗೆ ಪಾನಗೃಹವೊಂದರಲ್ಲಿ ಯಾರೋ ನಾಗರಿಕ ಹಕ್ಕುಗಳ ಕರಪತ್ರ ಕೊಟ್ಟರು. ಅವರು ಮಡಚಿ ಎಸೆಯದೆ ಗ್ರಂಥಾಲಯಕ್ಕೆ ತಂದಿಟ್ಟರು. ಉತ್ತರ ಐರ್ಲೆಂಡಿನ ರಾಜಕೀಯ ಕಾಗದಪತ್ರಗಳ ಅಲ್ಲಿನ ಸಂಗ್ರಹದಲ್ಲಿ ಈಗ 3 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ. ಡಬ್ಲಿನ್ನಿನ ರಾಷ್ಟ್ರೀಯ ಗ್ರಂಥಾಲಯದವರೂ ಇಂಥವನ್ನು ಕೂಡಿಡುತ್ತಾರೆ. ಮೊದಲು ಪಟ್ಟಿ ಮಾಡಿ ಕಳಿಸಿ, ಬೇಕೇ ಎಂದು ಕೇಳಿ. ಡಬ್ಬ ಹೊತ್ತುಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿಯಬೇಡಿ.